ಕ್ಲಬ್ ಮ್ಯಾಚ್‌ಗೆ ಸ್ಟೇಜ್ ಹಾಕುವವರಿಗೆ

ಅಮೆರಿಕದ ಯುಎಸ್‌ಪಿಎಸ್‌ಎ (ಪ್ರಾಯೋಗಿಕ ಶೂಟಿಂಗ್ ಸ್ಪರ್ಧೆಗಳ ಸಂಘ) ಕ್ಲಬ್‌ಗಳಲ್ಲಿ ಮ್ಯಾಚ್ ನಡೆಸಲು ಕೈಜೋಡಿಸುತ್ತಿರುವ ಕನ್ನಡದ ಗೆಳೆಯರೇ, ಸ್ಟೇಜ್‌ನಲ್ಲಿ, ಅಂದರೆ ಮ್ಯಾಚ್‌ನ ಒಂದು ಸುತ್ತಿನ ಅಂಗಳದಲ್ಲಿ, ಟಾರ್ಗೆಟ್ ನೆಟ್ಟ ಮೇಲೆ ಫಾಲ್ಟ್ ಲೈನ್‌ನ (ಶೂಟರ್ ದಾಟಬಾರದ ಗಡಿ) ಪ್ರತಿ ಮೂಲೆಯಲ್ಲೂ ನಿಂತು, ಮಂಡಿಯೂರಿ ನೋಡಿ. ಗುಂಡು ರಟ್ಟು ತೂರಿ ಎಲ್ಲಿಗೆ ಹೋಗುತ್ತದೆ? ಮಣ್ಣಿನ ದಿಬ್ಬದ ಮೇಲಂಚಿನ ಹತ್ತಿರ ಅಂತ ಅನ್ನಿಸಿದರೂ ಸಾಕು, ಟಾರ್ಗೆಟ್ ಕೆಳಗಿಳಿಸಿ ಇಲ್ಲವೇ ದಿಬ್ಬದ ಬುಡಕ್ಕೆ ಸರಿಸಿ. ಮಂಡಿಯೂರಿ ಹೊಡೆದಾಗ ಗುಂಡು ಮೇಲ್ಮುಖವಾಗಿ ಹೋಗುತ್ತದೆ, ಅಲ್ಲೇ ಹೆಚ್ಚಿನವರು ಎಡವುವುದು.

ಸ್ಟೀಲ್ ಟಾರ್ಗೆಟ್‌ಗೂ ಶೂಟರ್‌ಗೂ ಕನಿಷ್ಠ 23 ಅಡಿ ಅಂತರ ಇರಲೇಬೇಕು. ಕಣ್ಣಳತೆ ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ. ಅಂತರ ಕಾಯಲು ಫಾಲ್ಟ್ ಲೈನ್ ಹಲಗೆಯನ್ನೇ ಹಾಕುವುದಾದರೆ ಅದನ್ನು ಸ್ಟೀಲ್‌ನಿಂದ ಕನಿಷ್ಠ 26 ಅಡಿ ದೂರದಲ್ಲಿ ಹಾಕಿ, ಉದ್ದ ಮೊಳೆಯಿಂದ ಬಿಗಿಯಿರಿ. ಸಡಿಲವಾದರೆ ಮಧ್ಯಾಹ್ನದ ಹೊತ್ತಿಗೆ ಜರುಗಿರುತ್ತದೆ. ಪಾಪರ್ (ಗುಂಡು ತಾಗಿದರೆ ಬೀಳುವ ಸ್ಟೀಲ್ ಟಾರ್ಗೆಟ್) ಬುಡ ಸಮನಾಗಿಲ್ಲದಿದ್ದರೆ ಒಬ್ಬರಿಗೆ ಬೀಳುತ್ತದೆ, ಇನ್ನೊಬ್ಬರಿಗೆ ಬೀಳಲ್ಲ. ಬುಡಕ್ಕೆ ಮಣ್ಣು ತುಂಬಿ ಗಟ್ಟಿ ಮಾಡಿ.

ಒಂದೇ ಸ್ಟೇಜ್‌ಗೆ ಗುಂಡುಗಳ ಮಿತಿ 32. ಆದರೆ ಸ್ಕ್ವಾಡ್ (ಸರದಿಯಲ್ಲಿ ಒಟ್ಟಿಗೆ ಶೂಟ್ ಮಾಡುವ ಗುಂಪು) ದೊಡ್ಡದಿದ್ದರೆ 24ರ ಆಸುಪಾಸಿನಲ್ಲಿ ನಿಲ್ಲಿಸಿ, ತೂತುಗಳಿಗೆ ಚೀಟಿ ಅಂಟಿಸಿ ಪೇಸ್ಟ್ ಮಾಡೋ ಕೆಲಸ ತುಂಬಾ ಹಗುರ.

ಪೇಸ್ಟರ್ (ಅಂಟುಚೀಟಿ) ಹಿಡಿದವರು ಆರ್‌ಓ (ರೇಂಜ್ ಆಫೀಸರ್) ಸ್ಕೋರ್ ಹೇಳುವ ಮೊದಲು ತೂತಿಗೆ ಅಂಟಿಸಬಾರದು. ಸ್ಕೋರ್ ನಿರ್ಧರಿಸಲು ಆಗದಿದ್ದರೆ ರೀಶೂಟ್ ಕೊಡಬೇಕಾಗುತ್ತದೆ. ಮಳೆಯಿದ್ದರೆ ಟಾರ್ಗೆಟ್‌ಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ, ಬಾಯಿ ಕೆಳಗಿರಲಿ.