ಭಾವನ ತೊಟ್ಟಿಯ ಮೀನು ಯಾವುದು? ನನ್ನ ಅನುಭವ

ಹಾಸನದ ನಮ್ಮ ಮನೆಯಲ್ಲಿ ಅಕ್ವೇರಿಯಂ ಇದೆ ಅಂತ ಗೊತ್ತಿರುವವರು ಆಗಾಗ ಮೀನಿನ ಫೋಟೋ ಕಳಿಸಿ, ಇದು ಯಾವುದು ಹೇಳಿ ಅನ್ನುತ್ತಾರೆ. ಹೆಚ್ಚಿನವು ಪಕ್ಕದಿಂದ ತೆಗೆದ ಫೋಟೋಗಳು. ಗಪ್ಪಿಗೋ ಗೋಲ್ಡ್ ಫಿಶ್‌ಗೋ ಅದು ಸಾಕು. ದೊಡ್ಡ ಕ್ಯಾಟ್‌ಫಿಶ್‌ಗೆ ಸಾಲದು. ಅದರ ತಲೆಯನ್ನು ಮೇಲಿನಿಂದ ನೋಡಬೇಕು, ಗಲ್ಲವನ್ನು ಕೆಳಗಿನಿಂದ ನೋಡಬೇಕು.

ಸಕಲೇಶಪುರದ ಹತ್ತಿರ ನಮ್ಮ ಭಾವನ ಕಾಫಿ ತೋಟವಿದೆ. ಅಲ್ಲಿನ ಸಿಮೆಂಟ್ ತೊಟ್ಟಿಯಲ್ಲಿ ಒಂದು ಮೀಸೆ ಮೀನು ಬೆಳೆದು ನಿಂತಿತ್ತು. ಅಂಗಡಿಯಿಂದ ತಂದಾಗ ಬೆರಳುದ್ದ ಇತ್ತಂತೆ. ಗಾಜಿನ ಟ್ಯಾಂಕ್ ಸಾಲದೆ ತೊಟ್ಟಿಗೆ ಬಿಟ್ಟಿದ್ದರು. ಕೋಳಿ ಕರುಳು, ಉಳಿದ ಅನ್ನ, ಏನು ಹಾಕಿದರೂ ಖಾಲಿ. "ಇದು ನಮ್ಮ ಮುರುಗೋಡೇ ಕಣಯ್ಯ, ಮಳೆ ಹಿಡಿದ ಮೇಲೆ ಹೇಮಾವತಿಗೆ ಬಿಟ್ಟುಬಿಡೋಣ" ಅಂದರು ಭಾವ. ಮುರುಗೋಡು ಅಂದರೆ ನಮ್ಮ ಕಡೆಯದೇ ಒಂದು ಮೀಸೆ ಮೀನು. ಬಿಡುವುದಾದರೆ ಹೆಸರು ಖಚಿತ ಆಗಲೇಬೇಕು. "ಸ್ವಲ್ಪ ತಡೀರಿ ಭಾವ, ನೋಡಿ ಹೇಳ್ತೀನಿ" ಅಂದೆ.

ಮೊದಲು ಮೀಸೆ ಎಣಿಸಿದೆ. ಬಣ್ಣ ನೋಡಲೇ ಇಲ್ಲ. ಬಣ್ಣ ನೀರಿನ ಜೊತೆ, ಬೆಳಕಿನ ಜೊತೆ ಬದಲಾಗುತ್ತದೆ, ಅದನ್ನು ನಂಬಬಾರದು. ಮೀಸೆ ಬದಲಾಗುವುದಿಲ್ಲ. ಮೂಗಿನ ಹತ್ತಿರ ಒಂದು ಜೋಡಿ, ಬಾಯಿಯ ಮೂಲೆಯಲ್ಲಿ ಒಂದು, ಗಲ್ಲದ ಕೆಳಗೆ ಎರಡು. ಒಟ್ಟು ನಾಲ್ಕು ಜೋಡಿ. ಅಲ್ಲಿಗೆ ಬಾಳೆಮೀನು ಹೋಯಿತು, ಅದಕ್ಕೆ ಎರಡೇ ಜೋಡಿ. ಅಂಗಡಿಗಳಲ್ಲಿ ‘ಶಾರ್ಕ್’ ಅಂತ ಮಾರುವ ಪಂಗಾಸಿಯಸ್‌ಗೂ ಎರಡೇ. ಕೆಂಪು ಬಾಲದ ಅಮೆಜಾನ್ ಕ್ಯಾಟ್‌ಫಿಶ್‌ಗೆ ಮೂರು. ಆಮೇಲೆ ಬೆನ್ನಿನ ರೆಕ್ಕೆ. ತಲೆಯ ಹಿಂದಿನಿಂದ ಹೆಚ್ಚುಕಡಿಮೆ ಬಾಲದವರೆಗೂ ಒಂದೇ ಪಟ್ಟಿಯಾಗಿ ಹೋಗಿತ್ತು. ಚೇಳುಮೀನಿಗೂ ನಾಲ್ಕು ಜೋಡಿ ಮೀಸೆ ಇದೆ, ಆದರೆ ಅದರ ಬೆನ್ನಿನ ರೆಕ್ಕೆ ಪುಟ್ಟದು. ಜೊತೆಗೆ ಇದು ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತಿತ್ತು. ಅಂದರೆ ಇದು ಕ್ಲೇರಿಯಸ್ ಗುಂಪಿನದು. ಅಷ್ಟರ ಮಟ್ಟಿಗೆ ಭಾವನ ಮಾತು ಸರಿಯೇ, ಮುರುಗೋಡೂ ಅದೇ ಗುಂಪು.

ಕಷ್ಟ ಶುರುವಾಗುವುದು ಇಲ್ಲಿಂದ. ಪಶ್ಚಿಮ ಘಟ್ಟದ ನಮ್ಮ ಕ್ಲೇರಿಯಸ್ ಡುಸುಮಿಯೆರಿ ಚಿಕ್ಕ ಮೀನು, ಒಂದು ಅಡಿ ಆಗುವುದೂ ಕಷ್ಟ. ಅದೇ ಗುಂಪಿನ, ಉತ್ತರ ಭಾರತದ ಮಾಗುರ್ ಸುಮಾರು ಒಂದೂವರೆ ಅಡಿ ಆಗುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್, ಅಂದರೆ ಕ್ಲೇರಿಯಸ್ ಗ್ಯಾರಿಪಿನಸ್, ಒಂದೂವರೆ ಮೀಟರ್‌ವರೆಗೂ ಬೆಳೆಯಬಲ್ಲದು. ಭಾವನ ಮೀನು ಎರಡು ಅಡಿ ದಾಟಿತ್ತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು ಅಲ್ವಾ? ಆದರೂ ಸಾಕಣೆಯಲ್ಲಿ ಬೆರಕೆ ಮಾಡಿದ ಮೀನುಗಳೂ ಇವೆ. ಬರೀ ಉದ್ದ ನೋಡಿ ತೀರ್ಪು ಕೊಡುವುದು ನನಗೆ ಇಷ್ಟವಿಲ್ಲ.

ಪಾರದರ್ಶಕ ಪ್ಲಾಸ್ಟಿಕ್ ಟಬ್ ತಂದು, ತೊಟ್ಟಿಯದೇ ನೀರನ್ನು ಬೆನ್ನು ಮುಳುಗುವಷ್ಟು ತುಂಬಿದೆ. ಒದ್ದೆ ಗೋಣಿಚೀಲದಲ್ಲಿ ಮೀನನ್ನು ಸುತ್ತಿ ಎತ್ತಿದೆವು. ಕೈ ಹಾಕುವವರು ಎದೆಯ ರೆಕ್ಕೆ ಕಡೆ ಹುಷಾರಾಗಿರಬೇಕು. ಅದರ ಮುಂದಿನ ಮುಳ್ಳು ಗಟ್ಟಿ, ಅಂಚಿನಲ್ಲಿ ಗರಗಸದಂಥ ಹಲ್ಲು. ಬಲೆಯಲ್ಲಿ ಹಿಡಿದರೆ ಆ ಮುಳ್ಳು ಸಿಕ್ಕಿಕೊಂಡು ಮೀನಿಗೂ ಪೆಟ್ಟು, ಬಲೆಗೂ ಪೆಟ್ಟು. ಟಬ್ಬಿನ ಮೇಲೆ ಒದ್ದೆ ಬಟ್ಟೆ ಅರ್ಧ ಮುಚ್ಚಿದ ಮೇಲೆ ಸುಮ್ಮನಾಯಿತು.

ಮೇಲಿನಿಂದ ನೋಡಿದರೆ ಚಪ್ಪಟೆ ತಲೆ, ಚರ್ಮದ ಕೆಳಗೇ ಮೂಳೆ. ಬೆರಳಾಡಿಸಿದರೆ ಮರಳು ಕಾಗದದ ಹಾಗೆ ತರಿತರಿ. ದೊಡ್ಡ ಗ್ಯಾರಿಪಿನಸ್‌ನ ತಲೆ ಹೀಗೇ ಇರುತ್ತದೆ, ಮರಿಯಲ್ಲಿ ನುಣುಪು. ಆ ಮೂಳೆ ಹಿಂದೆ ಕತ್ತಿನ ಹತ್ತಿರ ಎಲ್ಲಿ ಮುಗಿಯುತ್ತದೋ ಆ ಅಂಚು ಮುಖ್ಯ. ಮಾಗುರ್‌ನಲ್ಲಿ ಅದು ನಡುವೆ ಚೂಪಾಗಿ ಒಂದೇ ಮೊನೆಯಾಗುತ್ತದೆ. ಇಲ್ಲಿ ನಡುವೆ ಒಂದು, ಆಚೀಚೆ ಒಂದೊಂದು, ಹೀಗೆ ಮೂರು ಮೊಂಡು ಮೊನೆ. ಟಾರ್ಚ್ ಅಡ್ಡ ಹಿಡಿದು ಫೋಟೋ ತೆಗೆದಾಗ ನೆರಳಿನಲ್ಲಿ ಅಂಚು ಚೆನ್ನಾಗಿ ಕಂಡಿತು.

ಆಮೇಲೆ ಇಬ್ಬರು ಟಬ್ ಎತ್ತಿ ಹಿಡಿದರು, ನಾನು ಕೆಳಗಿನಿಂದ ಫೋಟೋ ತೆಗೆದೆ. ಗಲ್ಲ ಬಿಳಿ. ಅದರ ಎರಡೂ ಪಕ್ಕದಲ್ಲಿ ಉದ್ದಕ್ಕೆ ಒಂದೊಂದು ಕಪ್ಪು ಪಟ್ಟಿ. ಬೆಳೆದ ಗ್ಯಾರಿಪಿನಸ್‌ನ ಗುರುತು ಇದು. ಕಿವಿರಿನ ಒಳಗಿನ ಬಾಚಣಿಗೆ ಹಲ್ಲುಗಳನ್ನೂ ಎಣಿಸುವ ಕ್ರಮವಿದೆ, ಆದರೆ ಬದುಕಿರುವ ಮೀನಿಗೆ ಆ ಹಿಂಸೆ ಬೇಡ. ಉದ್ದ, ತಲೆಮೂಳೆ, ಗಲ್ಲದ ಪಟ್ಟಿ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ನನಗೆ ಅಷ್ಟು ಸಾಕಾಯಿತು.

ಭಾವನನ್ನು ಒಪ್ಪಿಸುವುದೇ ಜಾಸ್ತಿ ಕೆಲಸ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ, 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಅದನ್ನೇ ಹೇಳಿದೆ ಅಂದೆ. "ಒಂದು ಮೀನಿಗೆ ಇಷ್ಟೆಲ್ಲಾನಾ?" ಅಂದರು. ಹೊಳೆಯ ಸಣ್ಣ ಮೀನು, ಕಪ್ಪೆ, ಏಡಿ ಏನನ್ನೂ ಇದು ಬಿಡುವುದಿಲ್ಲ, ಹೇಮಾವತಿಗೆ ಬಿಟ್ಟರೆ ಗೊರೂರು ಹಿನ್ನೀರಿನವರೆಗೂ ದಾರಿ ಇದೆ ಅಂತ ವಿವರಿಸಿದ ಮೇಲೆ ಸುಮ್ಮನಾದರು. ಕೊನೆಗೆ ಮೀನುಗಾರಿಕೆ ಇಲಾಖೆಯವರನ್ನು ಕೇಳಿ ಮುಂದಿನದು ನೋಡೋಣ ಅಂತ ಅವರೇ ಒಪ್ಪಿದರು.

ಅಲ್ಲಿಯವರೆಗೆ ಅದು ತಪ್ಪಿಸಿಕೊಳ್ಳಬಾರದಲ್ಲ. ಗಾಳಿ ನುಂಗುವ ಮೀನು, ಮಳೆಯಲ್ಲಿ ಒದ್ದೆ ನೆಲದ ಮೇಲೆ ತೆವಳಿಕೊಂಡು ಹೋಗಬಲ್ಲದು. ತೊಟ್ಟಿಯಿಂದ ಕಾಲುವೆಗೆ ನೀರು ಹೋಗುವ ಪೈಪಿನ ಬಾಯಿಗೆ ದಪ್ಪ ತಂತಿ ಜಾಲರಿ ಕಟ್ಟಿದೆವು. ಮೇಲೆ ಬಲೆ ಎಳೆದು, ನಾಲ್ಕೂ ಮೂಲೆಗೆ ಕಲ್ಲು ಹೇರಿದೆವು.