ಇ-ಇಂಕ್ ಡಿಸ್‌ಪ್ಲೇಯನ್ನು ಟಿವಿ ಥರ ಓಡಿಸಬೇಡಿ

ಕಿಂಡಲ್‌ನಲ್ಲಿ ಇರುತ್ತದಲ್ಲ, ಕಾಗದದ ಹಾಗೆ ಕಾಣುವ ಪರದೆ, ಅದೇ ಇ-ಇಂಕ್. ನನ್ನ ಮೊದಲ ಇ-ಇಂಕ್ ಡಿಸ್‌ಪ್ಲೇ ಬಾಳಿದ್ದು ಮೂರೇ ವಾರ. 2.9 ಇಂಚಿನದು, ಕಪ್ಪು-ಬಿಳುಪು. ಹೊಸತರಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಗಡಿಯಾರ, ಅದೂ ಸೆಕೆಂಡ್ ಓಡುವ ಗಡಿಯಾರ. ಫ್ರಿಜ್ ಮೇಲೆ ಇಟ್ಟು ಮನೆಗೆ ಬಂದವರಿಗೆಲ್ಲ ತೋರಿಸಿದ್ದೂ ಆಯ್ತು. ಮೂರನೇ ವಾರ ಅಮ್ಮ ಕೇಳಿದರು, "ಇದೆಂತ ಮಾರಾಯ, ಎಂಟರ ಹಿಂದೆ ಮತ್ತೊಂದು ಎಂಟು ಉಂಟಲ್ಲ?" ನೋಡಿದರೆ ಬಿಳಿ ಇರಬೇಕಾದಲ್ಲೆಲ್ಲ ಬೂದು, ಅದರೊಳಗೆ ಹಳೆಯ ಅಂಕಿಗಳ ನೆರಳು.

ಆಮೇಲೆ ಕೂತು ಲೆಕ್ಕ ಹಾಕಿದೆ. ಇಂಥ ಸಣ್ಣ ಪ್ಯಾನೆಲ್‌ಗಳಿಗೆ ಸುಮಾರು 10 ಲಕ್ಷ ರಿಫ್ರೆಶ್ (ಅಂದರೆ ಪರದೆಯನ್ನು ಹೊಸದಾಗಿ ಬರೆಯುವುದು) ಆಯಸ್ಸು ಅಂತ ತಯಾರಕರು ಡೇಟಾಶೀಟ್‌ನಲ್ಲಿ ಬರೆಯುವುದುಂಟು. ಕೇಳಲಿಕ್ಕೆ ದೊಡ್ಡ ಸಂಖ್ಯೆ. ಆದರೆ ದಿನಕ್ಕೆ 86,400 ಸೆಕೆಂಡ್, ಅಂದರೆ ಸೆಕೆಂಡಿಗೊಂದು ರಿಫ್ರೆಶ್ ಮಾಡಿದರೆ 12 ದಿನದೊಳಗೆ ಎಲ್ಲ ಖಾಲಿ. ನಿಮಿಷಕ್ಕೊಂದು ಮಾಡಿದರೆ ಎರಡು ವರ್ಷ ತುಂಬುವುದಿಲ್ಲ. ಹತ್ತು ನಿಮಿಷಕ್ಕೊಂದು ಮಾಡಿದರೆ ಲೆಕ್ಕದಲ್ಲಿ 19 ವರ್ಷ. ಅಷ್ಟು ವರ್ಷ ಬೇರೆ ಭಾಗಗಳು ಉಳಿಯಬೇಕಲ್ಲ, ಅದು ಬೇರೆ ಮಾತು.

ಹಾಗಾಗಿ ಕೋಡ್ ಬರೆಯುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ತೋರಿಸುವ ವಿಷಯ ನಿಜವಾಗಿ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ? ಸೆಕೆಂಡ್ ಓಡಬೇಕು ಅಂತಿದ್ದರೆ ಸುಮ್ನೆ ತಾನೇ ಬೆಳಗುವ ಒಂದು ಒಎಲ್‌ಇಡಿ ಪರದೆ ತಗೊಳ್ಳಿ. ನಾನೀಗ ಮಾಡಿರುವುದು ಉಬ್ಬರ-ಇಳಿತದ ಬೋರ್ಡ್. ನಮ್ಮ ಮನೆ ಉಡುಪಿ ಪಕ್ಕದ ಕಲ್ಯಾಣಪುರದ ಹತ್ತಿರ, ಮಾವ ಸ್ವರ್ಣಾ ಹೊಳೆಯಲ್ಲಿ ಇಳಿತ ನೋಡಿಕೊಂಡು ಮರುವಾಯಿ (ಚಿಪ್ಪುಮೀನು) ಹೆಕ್ಕಲು ಹೋಗುವವರು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಬರೆದರೆ ಸಾಕು. ಇ-ಇಂಕ್‌ಗೆ ಹೇಳಿ ಮಾಡಿಸಿದ ಕೆಲಸ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿದಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಗಾಜಿನ ಮೇಲೆ ಕೂದಲೆಳೆಯಷ್ಟು ಅಗಲದ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯೊಳಗೆ ಎಣ್ಣೆಯಂಥ ದ್ರವ, ಅದರಲ್ಲಿ ತೇಲುವ ಕಪ್ಪು ಕಣ, ಬಿಳಿ ಕಣ. ಒಂದಕ್ಕೆ ಪಾಸಿಟಿವ್ ಚಾರ್ಜ್, ಇನ್ನೊಂದಕ್ಕೆ ನೆಗೆಟಿವ್. ವೋಲ್ಟೇಜ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಕರೆಂಟ್ ತೆಗೆದರೆ ಇದ್ದಲ್ಲೇ ನಿಲ್ಲುತ್ತದೆ. ನೀವು ಕೊಡುವುದು 3.3 ವೋಲ್ಟ್, ಆದರೆ ಬೋರ್ಡಿನಲ್ಲಿರುವ ಸರ್ಕ್ಯೂಟ್ ಅದನ್ನು ಏರಿಸಿ ಪ್ಯಾನೆಲ್‌ಗೆ ಪ್ಲಸ್-ಮೈನಸ್ 15 ವೋಲ್ಟಿನ ಆಸುಪಾಸು ಕೊಡುತ್ತದೆ. ಈ ಪ್ಲಸ್ಸು ಮೈನಸ್ಸು ಸರಿದೂಗಬೇಕು. ಒಂದೇ ಕಡೆಗೆ ಜಾಸ್ತಿ ತಳ್ಳುತ್ತಾ ಹೋದರೆ ನೆರಳು ಕೂರುತ್ತದೆ, ಕೊನೆಗೆ ಹೋಗುವುದೇ ಇಲ್ಲ.

ಫುಲ್ ರಿಫ್ರೆಶ್‌ನಲ್ಲಿ, ಅಂದರೆ ಇಡೀ ಪರದೆ ಹೊಸದಾಗಿ ಬರೆಯುವಾಗ, ಪರದೆ ಕಪ್ಪು-ಬಿಳಿ ಅಂತ ಮಿಟುಕುತ್ತದಲ್ಲ, ನೋಡಲು ಕಿರಿಕಿರಿ. ಎರಡು-ಮೂರು ಸೆಕೆಂಡ್ ಬೇರೆ. ಆದರೆ ಆ ಮಿಟುಕುವಿಕೆಯೇ ಕಣಗಳನ್ನು ಆ ಕಡೆ ಈ ಕಡೆ ಓಡಿಸಿ ಸರಿಯಾಗಿ ಕೂರಿಸುವುದು. ಬದಲಾದಷ್ಟನ್ನೇ ಬರೆಯುವ ಪಾರ್ಶಿಯಲ್ ರಿಫ್ರೆಶ್ ಆದರೆ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ, ಮಿಟುಕುವುದಿಲ್ಲ, ಆದರೆ ಕಸ ಪೂರ್ತಿ ಗುಡಿಸುವುದಿಲ್ಲ. ಪಾರ್ಶಿಯಲ್ ಬಳಸುವುದಾದರೆ ಐದು ಪಾರ್ಶಿಯಲ್ ಆದ ಮೇಲೆ ಒಂದು ಫುಲ್ ಮಾಡಿ. ಡಿಸ್‌ಪ್ಲೇ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಎಸ್‌ಪಿ32 ಕರೆಂಟ್ ಉಳಿಸಲು ಡೀಪ್ ಸ್ಲೀಪ್‌ಗೆ ಹೋದಾಗ ಸಾಮಾನ್ಯ ವೇರಿಯಬಲ್ ಎಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಈ ಎಣಿಕೆಯನ್ನು ಮಲಗಿದ್ದಾಗಲೂ ಉಳಿಯುವ ಆರ್‌ಟಿಸಿ ಮೆಮೊರಿಯಲ್ಲಿ ಇಡಿ. ನಿಮ್ಮದು ಅರ್ಧ ಗಂಟೆಗೊಮ್ಮೆ ಬದಲಾಗುವಂಥದ್ದಾದರೆ ಪಾರ್ಶಿಯಲ್ ತಂಟೆಯೇ ಬೇಡ, ಪ್ರತಿ ಸಲ ಫುಲ್ ಮಾಡಿಬಿಡಿ. ಇನ್ನು ಯಾರೋ "ಸೂಪರ್ ಫಾಸ್ಟ್" ಅಂತ ಬರೆದ ವೇವ್‌ಫಾರ್ಮ್ ಟೇಬಲ್ (ವೋಲ್ಟೇಜ್ ಯಾವಾಗ ಎಷ್ಟು ಹೊತ್ತು ಕೊಡಬೇಕು ಅನ್ನುವ ಪಟ್ಟಿ) ಸಿಕ್ಕಿತು ಅಂತ ಹಾಕಿ ನೋಡುವ ಆಸೆ ಬಂದರೆ, ಹೋದರೂ ಬೇಸರವಿಲ್ಲ ಅನ್ನುವ ಪ್ಯಾನೆಲ್ ಮೇಲೆ ಮಾತ್ರ ನೋಡಿ.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿ: ಚಿತ್ರ ಬರೆದ ಮೇಲೆ ಡಿಸ್‌ಪ್ಲೇಯನ್ನು ಮಲಗಿಸುವುದಿಲ್ಲ. ಚಿತ್ರ ಬಂತಲ್ಲ, ಮುಗೀತು ಅಂತ ಬಿಡುತ್ತಾರೆ. ಆದರೆ ಮೇಲೆ ಹೇಳಿದ ಹೆಚ್ಚಿನ ವೋಲ್ಟೇಜ್ ಹಾಗೇ ಇರಬಹುದು, ಗಂಟೆಗಟ್ಟಲೆ ಹಾಗಿದ್ದರೆ ಪ್ಯಾನೆಲ್ ಹಾಳಾಗುತ್ತದೆ. ಇ-ಇಂಕ್‌ಗೆ ಬರೆಯುವ ಜಿಎಕ್ಸ್‌ಇಪಿಡಿ2 (GxEPD2) ಕೋಡ್ ಲೈಬ್ರರಿ ಬಳಸುವವರು ಬರೆದು ಮುಗಿದ ಕೂಡಲೇ ಹೈಬರ್ನೇಟ್ ಫಂಕ್ಷನ್ ಕರೆಯಿರಿ. ಬೇರೆ ಲೈಬ್ರರಿಗಳಲ್ಲಿ ಸ್ಲೀಪ್ ಅನ್ನುವ ಹೆಸರಲ್ಲಿ ಇರುತ್ತದೆ. ಹೀಗೆ ಮಲಗಿದ್ದನ್ನು ಎಬ್ಬಿಸಲು ರೀಸೆಟ್ ತಂತಿ ಬೇಕೇ ಬೇಕು, ಪಿನ್ ಉಳಿಸಲು ಹೋಗಿ ಅದನ್ನು ಬಿಟ್ಟರೆ ಡಿಸ್‌ಪ್ಲೇ ಸತ್ತಿದೆ ಅಂತಲೇ ಅನಿಸುತ್ತದೆ. ಬ್ಯುಸಿ ತಂತಿಯನ್ನೂ ಬಿಡಬೇಡಿ. ಕೆಲಸ ಮುಗಿಯಿತೋ ಇಲ್ಲವೋ ಅಂತ ಹೇಳುವುದು ಅದೊಂದೇ, ಅದು ಹೇಳುವ ಮೊದಲೇ ಕರೆಂಟ್ ತೆಗೆದರೆ ಅರ್ಧಂಬರ್ಧ ಚಿತ್ರ.

ಹಾಗಂತ ತಿಂಗಳುಗಟ್ಟಲೆ ಒಂದೇ ಚಿತ್ರ ಬಿಡುವುದೂ ಒಳ್ಳೆಯದಲ್ಲ. ಏನೂ ಬದಲಾಗದಿದ್ದರೂ ದಿನಕ್ಕೊಮ್ಮೆ ಫುಲ್ ರಿಫ್ರೆಶ್ ಆಗಲಿ. ಎತ್ತಿಡುವ ಮೊದಲು ಪೂರ್ತಿ ಬಿಳಿ ಮಾಡಿ ಎತ್ತಿಡಿ. ಕೆಂಪು ಅಥವಾ ಹಳದಿ ಇರುವ ಮೂರು ಬಣ್ಣದ್ದು ತಗೊಂಡಿದ್ದರೆ ಇನ್ನೂ ತಾಳ್ಮೆ ಬೇಕು: ಒಂದು ಸಲ ಬರೆಯಲು 15 ಸೆಕೆಂಡಿನಷ್ಟು, ಎರಡು ರಿಫ್ರೆಶ್ ನಡುವೆ ಕನಿಷ್ಠ 180 ಸೆಕೆಂಡ್ ಬಿಡಬೇಕು. ನನ್ನ ಮಟ್ಟಿಗೆ ಆ ಕೆಂಪು ಬಣ್ಣಕ್ಕೆ ಅಷ್ಟು ಕಾಯುವುದು ಲಾಭವಿಲ್ಲ.

ಈಗ ನಮ್ಮ ಊರಿನ ಸಮಸ್ಯೆ. ಇಲ್ಲಿ ಚಳಿಯ ಚಿಂತೆಯಿಲ್ಲ, ಸೊನ್ನೆ ಡಿಗ್ರಿ ಕೆಳಗೆ ಇ-ಇಂಕ್ ಸರಿಯಾಗಿ ಓಡುವುದಿಲ್ಲ ಅನ್ನುವುದು ನಮಗೆ ಬರೀ ಓದುವ ವಿಷಯ. ನಮ್ಮನ್ನು ಕಾಡುವುದು ಉಪ್ಪು ಗಾಳಿ, ಮಳೆಗಾಲದ ತೇವ. ಜೂನ್‌ನಲ್ಲಿ ಹಾಕಿದ ಜಂಪರ್ ತಂತಿಯ ತುದಿ ಸೆಪ್ಟೆಂಬರ್‌ನಲ್ಲಿ ತೆಗೆದು ನೋಡಿ, ಹಸಿರು ಪುಡಿ ಕಟ್ಟಿರುತ್ತದೆ. ಡಿಸ್‌ಪ್ಲೇ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ, ನೀವು ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಎರಡು ರಾತ್ರಿ ಕಳೆಯುತ್ತೀರಿ. ಪ್ರಯೋಗ ಮುಗಿದ ಮೇಲೆ ತಂತಿಗಳನ್ನು ಬೆಸುಗೆ ಹಾಕಿಬಿಡಿ. ಹಾಕಿದ ಜಾಗಕ್ಕೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಬಳಿಯಿರಿ, ಆದರೆ ರಿಬ್ಬನ್ (ಗಾಜಿನಿಂದ ಬರುವ ಪಟ್ಟಿಯಂಥ ಚಪ್ಪಟೆ ತಂತಿ) ಸಿಕ್ಕಿಸುವ ಕನೆಕ್ಟರ್‌ಗೆ ಮಾತ್ರ ತಾಗಿಸಬೇಡಿ. ಡಬ್ಬದೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ. ತಂತಿ ಹೋಗುವ ತೂತು ಡಬ್ಬದ ಕೆಳಬದಿಗಿರಲಿ.

ರಿಬ್ಬನ್ ಅಂದೆನಲ್ಲ, ನನ್ನ ಎರಡನೇ ಡಿಸ್‌ಪ್ಲೇ ಹೋದದ್ದು ಅದರಿಂದಲೇ. ಡಬ್ಬದೊಳಗೆ ಕೂರುತ್ತಿಲ್ಲ ಅಂತ ಗಾಜಿನ ಬುಡದಲ್ಲೇ ಉಗುರಿನಿಂದ ಒತ್ತಿ ಮಡಿಸಿದೆ. ಮರುದಿನ ಪರದೆ ಮೇಲೆ ಉದ್ದಕ್ಕೆ ಮೂರು ಗೆರೆ. ರಿಬ್ಬನ್ ಯಾವತ್ತೂ ದುಂಡಗೆ ಬಾಗಬೇಕು, ಒತ್ತಿ ಮಡಿಸಬಾರದು. ಕನೆಕ್ಟರಿನಿಂದ ತೆಗೆಯುವಾಗ ಮೊದಲು ಅದರ ಸಣ್ಣ ಮುಚ್ಚಳ ಎತ್ತಿ, ಎಳೆಯಬೇಡಿ. ಗಾಜನ್ನು ಸ್ಕ್ರೂ ಹಾಕಿ ಬಿಗಿಯಬೇಡಿ, ಹಿಂದೆ ತೆಳು ಫೋಮ್ ಟೇಪ್ ಸಾಕು.

ಬಿಸಿಲಲ್ಲಿ ಇ-ಇಂಕ್ ಚಂದ ಕಾಣುತ್ತದೆ ನಿಜ. ಆದರೆ ನೇರ ಬಿಸಿಲಿನ ಯುವಿ ಅದಕ್ಕೆ ಆಗದು, ಹೆಚ್ಚಿನವು ತಡೆಯುವುದು 50 ಡಿಗ್ರಿವರೆಗೆ. ಪಡುವಣ ಜಗಲಿಯಲ್ಲಿ ಮುಚ್ಚಿದ ಡಬ್ಬ ಸಂಜೆ ಎಷ್ಟು ಬಿಸಿಯಾಗುತ್ತದೆ ಅಂತ ಮುಟ್ಟಿ ನೋಡಿ. ನನ್ನದು ಒಳಗೆ, ಚಾವಡಿಯ ಗೋಡೆಯಲ್ಲಿ ಉಂಟು.

ಕನ್ನಡದಲ್ಲಿ ಬರೆಯಬೇಕಾ? ನೇರವಾಗಿ ಆಗುವುದಿಲ್ಲ. ಇಂಥ ಬೋರ್ಡ್‌ಗಳಿಗೆ ಕೋಡ್ ಬರೆಯುವ ಆರ್ಡುಯಿನೋದ ಸಾಮಾನ್ಯ ಫಾಂಟ್ ಲೈಬ್ರರಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ, ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. "ಉಬ್ಬರ", "ಇಳಿತ" ಈ ಎರಡು ಪದಗಳನ್ನು ಕಂಪ್ಯೂಟರಿನಲ್ಲಿ ಬರೆದು ಚಿತ್ರವಾಗಿ ಮಾಡಿ, ಬಿಟ್‌ಮ್ಯಾಪ್ ಆಗಿ ಕೋಡಿನೊಳಗೆ ಹಾಕಿದ್ದೇನೆ. ಅಂಕಿಗಳು ಮಾತ್ರ ಫಾಂಟ್‌ನಿಂದ. 296 ಗುಣಿಸು 128 ಪಿಕ್ಸೆಲಿನ ಇಡೀ ಪರದೆಯೇ 4,736 ಬೈಟ್, ಇಎಸ್‌ಪಿ32ಗೆ ಅದು ಲೆಕ್ಕವೇ ಅಲ್ಲ. 2 ಕೆಬಿ ರ‍್ಯಾಮ್‌ನ ಆರ್ಡುಯಿನೋ ಊನೋ ಬೋರ್ಡ್ ಆದರೆ ಪರದೆಯನ್ನು ತುಂಡು ತುಂಡಾಗಿ ಬರೆಯಬೇಕಾಗುತ್ತದೆ, ಊನೋ 5 ವೋಲ್ಟ್ ಆದ್ದರಿಂದ ನಡುವೆ ವೋಲ್ಟೇಜ್ ಇಳಿಸಿ ಹೊಂದಿಸುವ ಲೆವೆಲ್ ಶಿಫ್ಟರ್ ಇದೆಯಾ ಅಂತಲೂ ನೋಡಿಕೊಳ್ಳಿ.

ನೆರಳು ಈಗಾಗಲೇ ಕೂತಿದ್ದರೆ ಎಸೆಯುವ ಮೊದಲು ಒಂದು ಪ್ರಯತ್ನ ಮಾಡಿ. ಪೂರ್ತಿ ಕಪ್ಪು, ಪೂರ್ತಿ ಬಿಳಿ, ಎರಡೂ ಫುಲ್ ರಿಫ್ರೆಶ್‌ನಲ್ಲಿ, ಹತ್ತು ಸಲ, ನಡುವೆ ಸ್ವಲ್ಪ ಬಿಡುವು ಕೊಟ್ಟು. ಹೊಸ ನೆರಳಾದರೆ ಹೆಚ್ಚಾಗಿ ಹೋಗುತ್ತದೆ. ನನ್ನ ಆ ಮೊದಲನೆಯದರಲ್ಲಿ ಎಂಟು ಇನ್ನೂ ಮಸುಕಾಗಿ ಉಂಟು. ಹೊಸ ಕೋಡ್ ಬರೆದಾಗಲೆಲ್ಲ ಮೊದಲು ಅದಕ್ಕೇ ಹಾಕಿ ನೋಡುವುದು, ಸರಿಬಂದರೆ ಮಾತ್ರ ಚಾವಡಿಯದಕ್ಕೆ.