ದರಗು (ಉದುರಿದ ಒಣ ಎಲೆ) ತರಲು ಎಷ್ಟು ಹೊತ್ತಿಗೆ ಹೋಗಬೇಕು? ಕೊಪ್ಪದ ಕಾಡಂಚಿನಲ್ಲಿ ಉಣ್ಣೆ ಹುಡುಕಿದ ನನ್ನ ಅನುಭವ

ನಮ್ಮ ಕೆಲಸಕ್ಕೆ ದಾರಿ ತೋರಿಸಿದ ಪ್ರಶ್ನೆ ನನ್ನದಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆಯದು. "ಎಷ್ಟು ಹೊತ್ತಿಗೆ ಕಾಡಿಗೆ ಹೋದ್ರೆ ಉಣ್ಣೆ ಕಡಿಮೆ ಅಂತ ಜನ ಕೇಳ್ತಾರೆ ಮಾರಾಯ್ರೆ, ಏನು ಹೇಳ್ಲಿ?" ಅಂದರು. ಉಣ್ಣೆ ಅಂದರೆ ಇಲ್ಲಿ ಮಂಗನ ಕಾಯಿಲೆ ಹರಡುವ, ರಕ್ತ ಹೀರುವ ಉಣುಗು. ನಾನು ಪ್ರಾಣಿಶಾಸ್ತ್ರ ಓದಿದವಳು. ಯಾವ ಜಾತಿಯ ಉಣ್ಣೆ, ಯಾವ ಹಂತದ್ದು, ಯಾವ ತಿಂಗಳಲ್ಲಿ ಜಾಸ್ತಿ, ಇಷ್ಟೇ ನನ್ನ ಸಂಶೋಧನೆಯ ಪ್ಲಾನ್‌ನಲ್ಲಿ ಇದ್ದದ್ದು. ಗಂಟೆಯ ಲೆಕ್ಕ ಇರಲಿಲ್ಲ. ಅವರು ಕೇಳಿದ ಮೇಲೆ ಅದನ್ನೂ ಸೇರಿಸಿದೆವು, ಆಮೇಲೆ ಅದೇ ಮುಖ್ಯ ಕೆಲಸವಾಯಿತು.

ಹೊರಗಿನವರಿಗಾಗಿ ಸ್ವಲ್ಪ ಹಿನ್ನೆಲೆ. ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ (ಕ್ಯಾಸನೂರು ಕಾಡಿನ ಕಾಯಿಲೆ), ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಊರಿನಲ್ಲಿ ಜನ ಜ್ವರ ಬಂದು ಮಲಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಕೊನೆಗೆ ಸಿಕ್ಕಿದ್ದು ಉಣ್ಣೆಯಿಂದ ಹರಡುವ ಹೊಸ ವೈರಸ್. ಮುಸಿಯ (ಕರಿ ಮುಖದ ಕೋತಿ), ಮಂಗ ಎರಡೂ ಇದರಿಂದ ಸಾಯುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ಈ ಮಾತನ್ನು ನಾನು ಹೋದಲ್ಲೆಲ್ಲ ಜೋರಾಗಿ ಹೇಳುತ್ತೇನೆ, ಯಾಕೆಂದರೆ ಜ್ವರ ಬಂದ ಮನೆಯವರನ್ನು ದೂರ ಇಡುವುದನ್ನು ನೋಡಿದ್ದೇನೆ.

ಉಣ್ಣೆ ಹಿಡಿಯುವ ವಿಧಾನ ಸರಳ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ನೆಲದ ಮೇಲೆ, ಕುರುಚಲು ಗಿಡದ ಮೇಲೆ ನಿಧಾನಕ್ಕೆ ಎಳೆಯುವುದು, ಆಗಾಗ ನಿಂತು ಬಟ್ಟೆ ಮಗುಚಿ ನೋಡುವುದು, ಸಿಕ್ಕಿದ್ದನ್ನು ಚಿಮುಟದಲ್ಲಿ ಎತ್ತಿ 70 ಪರ್ಸೆಂಟ್ ಆಲ್ಕೋಹಾಲ್ ಇರುವ ಬಾಟಲಿಗೆ ಹಾಕುವುದು. ವೈರಸ್ ಪರೀಕ್ಷೆ ನಾವು ಮಾಡುವುದಲ್ಲ, ಅದಕ್ಕೆ ತುಂಬ ಬಿಗಿ ಸುರಕ್ಷತೆಯ ಲ್ಯಾಬ್ ಬೇಕು. ನಮ್ಮದು ಗುರುತಿಸುವ, ಎಣಿಸುವ ಕೆಲಸ. ಆರು ಕಾಲಿದ್ದರೆ ಲಾರ್ವಾ, ಅಂದರೆ ಮರಿ, ಎಂಟಿದ್ದರೆ ನಿಂಫ್ (ನಡು ಹಂತದ್ದು) ಅಥವಾ ಪೂರ್ತಿ ಬೆಳೆದದ್ದು. ಜನರಿಗೆ ಜಾಸ್ತಿ ಕಾಯಿಲೆ ಕೊಡುವುದು ಹೆಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಜಾತಿಯ ನಿಂಫ್. ಗಸಗಸೆ ಕಾಳಿನಷ್ಟು ಇರುತ್ತದೆ, ಮೈಮೇಲೆ ಹತ್ತಿದ್ದೇ ಗೊತ್ತಾಗುವುದಿಲ್ಲ. ಇವು ಹೆಚ್ಚಾಗುವುದು ಮಳೆ ಮುಗಿದು ಒಣ ತಿಂಗಳು ಶುರುವಾದ ಮೇಲೆ. ಅಡಿಕೆ ಕೊಯ್ಲು, ಕಾಫಿ ಕುಯ್ಲು, ಸೌದೆ, ಕೊಟ್ಟಿಗೆಗೆ ದರಗು, ಎಲ್ಲವೂ ಆಗಲೇ ಅಲ್ವಾ.

ಇಲ್ಲಿಂದ ಮುಂದೆ ನನ್ನ ಓದು ಸಾಲಲಿಲ್ಲ. ಉಣ್ಣೆ ಗಡಿಯಾರ ನೋಡುವುದಿಲ್ಲ, ಗಾಳಿಯ ತೇವ ನೋಡುತ್ತದೆ. ಅದು ಹುಲ್ಲಿನ ತುದಿಗೆ ಹತ್ತಿ ಮುಂಗಾಲು ಚಾಚಿ, ನಮ್ಮ ಉಸಿರು, ಮೈಶಾಖದ ಸುಳಿವು ಹಿಡಿದು ಕಾಯುತ್ತದೆ. ಗಾಳಿ ಒಣಗಿದಾಗ ಮೈಯ ನೀರು ಹೋಗುತ್ತದೆ, ಆಗ ಕೆಳಗಿಳಿದು ದರಗಿನ ಒಳಗೆ ಸೇರಿ, ಅಲ್ಲಿನ ಒದ್ದೆ ಗಾಳಿಯಿಂದಲೇ ನೀರು ಹೀರಿಕೊಂಡು ಮತ್ತೆ ಹತ್ತುತ್ತದೆ. ಹಾಗಾದರೆ ಅಳೆಯಬೇಕಾದ್ದು ಗಾಳಿಯನ್ನು. ಹಾಸನದಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯನಿಗೆ ಫೋನ್ ಮಾಡಿದೆ.

ಅವನು ಮೊದಲು ಹೇಳಿದ್ದು, ಬರೀ ತೇವಾಂಶದ ಪರ್ಸೆಂಟ್ ಬರೆದುಕೊಂಡರೆ ಏನೂ ತಿಳಿಯುವುದಿಲ್ಲ, ಉಷ್ಣಾಂಶವೂ ಜೊತೆಗೆ ಬೇಕು ಅಂತ. 20 ಡಿಗ್ರಿಯಲ್ಲಿ 60 ಪರ್ಸೆಂಟ್ ತೇವಾಂಶ ಇರುವ ಗಾಳಿಗಿಂತ 32 ಡಿಗ್ರಿಯಲ್ಲಿ ಅದೇ 60 ಪರ್ಸೆಂಟ್ ಇರುವ ಗಾಳಿಗೆ ನೀರು ಎಳೆಯುವ ಶಕ್ತಿ ಸುಮಾರು ಎರಡು ಪಟ್ಟು. ಅವನೇ ಪುಟ್ಟ ಸೆನ್ಸರ್‌ಗಳನ್ನು ಜೋಡಿಸಿ ಕೊಟ್ಟ. ಅವುಗಳನ್ನು ತಾಳೆ ನೋಡಿದ ರೀತಿ ನನಗೆ ತುಂಬ ಹಿಡಿಸಿತು: ಅಡುಗೆ ಉಪ್ಪನ್ನು ನೀರಲ್ಲಿ ಕಲಸಿ ಒದ್ದೆ ಮುದ್ದೆ ಮಾಡಿ ಬಿಗಿಯಾದ ಡಬ್ಬಿಯಲ್ಲಿಟ್ಟರೆ ಒಳಗಿನ ತೇವಾಂಶ 75 ಪರ್ಸೆಂಟ್ ಹತ್ತಿರ ಬಂದು ನಿಲ್ಲುತ್ತದೆ, ಸೆನ್ಸರ್ ಅಲ್ಲಿ ಬೇರೆ ಏನಾದರೂ ತೋರಿಸಿದರೆ ಅಷ್ಟು ವ್ಯತ್ಯಾಸ ಅದರಲ್ಲಿದೆ ಅಂತ ಲೆಕ್ಕ. ಯಾವ ಹಳ್ಳಿ ಶಾಲೆಯಲ್ಲೂ ಮಾಡಬಹುದು. ಬಿಸಿಲು ನೇರ ಬೀಳದಂತೆ ಬಿಳಿ ಪ್ಲಾಸ್ಟಿಕ್ ತಟ್ಟೆಗಳ ಮರೆ ಕಟ್ಟಿದೆವು. ಒಂದನ್ನು ದರಗಿನ ಒಳಗೆ, ಒಂದನ್ನು ಮೊಣಕಾಲೆತ್ತರದಲ್ಲಿ, ಇನ್ನೊಂದನ್ನು ತಲೆಯೆತ್ತರದಲ್ಲಿ ಇಟ್ಟೆವು. ಅರಣ್ಯ ಇಲಾಖೆಯ ಅನುಮತಿ ಸಿಗುವವರೆಗೆ ಕಾಯಬೇಕಾಯಿತು. ಆನೆ ಓಡಾಡುವ ಜಾಗ ಆದ್ದರಿಂದ ವಾಚರ್ ಜೊತೆಗಿಲ್ಲದೆ ಒಳಗೆ ಕಾಲಿಡಲಿಲ್ಲ.

ನಮಗೆ ಕಂಡದ್ದು ಇಷ್ಟು. ಬೆಳಗ್ಗೆ ಇಬ್ಬನಿ ಆರುವ ಹೊತ್ತಿಗೆ ಬಟ್ಟೆಗೆ ನಿಂಫ್ ಜಾಸ್ತಿ. ಬಿಸಿಲೇರಿದಂತೆ ಕಡಿಮೆ, ಮಧ್ಯಾಹ್ನ ಕೆಲವು ಜಾಗದಲ್ಲಿ ಬಟ್ಟೆ ಖಾಲಿ. ಸಂಜೆ ಮತ್ತೆ ಏರಿಕೆ. ದಟ್ಟ ಕಾಡಿನ ಒಳಗಿಗಿಂತ ದನ ಓಡಾಡುವ ಕಾಡಂಚಿನ ದಾರಿಗಳಲ್ಲಿ ಹೆಚ್ಚು ಸಿಕ್ಕವು.

ಹಾಗಾದರೆ ಮಧ್ಯಾಹ್ನ ಹೋಗಿ ಅಂತ ಹೇಳಬಹುದಿತ್ತು. ಆದರೆ ಅದೇ ಹೊತ್ತಿನಲ್ಲಿ ದರಗಿನ ಒಳಗಿದ್ದ ಸೆನ್ಸರ್ ಒದ್ದೆಯನ್ನೇ ತೋರಿಸುತ್ತಿತ್ತು. ಮೇಲೆ ಒಣ, ನಾಲ್ಕು ಬೆರಳು ಕೆಳಗೆ ತಂಪು. ಬಟ್ಟೆ ಖಾಲಿ ಅಂದರೆ ಉಣ್ಣೆ ಇಲ್ಲ ಅಂತಲ್ಲ, ಕೆಳಗಿಳಿದಿದೆ ಅಂತ. ದರಗು ತರುವವರು ಕೈ ಹಾಕುವುದು ಅಲ್ಲಿಗೇ, ತಬ್ಬಿ ಹೊರೆ ಕಟ್ಟುವುದೂ ಅದನ್ನೇ. ಹಾದಿಯಲ್ಲಿ ನಡೆದು ಹೋಗುವವರಿಗೆ ಮಧ್ಯಾಹ್ನ ಸ್ವಲ್ಪ ವಾಸಿ ಇರಬಹುದು, ದರಗು ಬಾಚುವವರಿಗೆ ಖಂಡಿತ ಅಲ್ಲ. ಒಂದೇ ಲೆಕ್ಕ, ಇಬ್ಬರಿಗೆ ಬೇರೆ ಬೇರೆ ಅರ್ಥ. ಸೆನ್ಸರ್ ಇಲ್ಲದೆ ಬರೀ ಉಣ್ಣೆ ಎಣಿಸಿದ್ದರೆ ಇದು ತಿಳಿಯುತ್ತಿರಲಿಲ್ಲ, ಜನ ಅಲ್ಲಿ ಏನು ಕೆಲಸ ಮಾಡುತ್ತಾರೆ ಅಂತ ಆಶಾ ಅಕ್ಕ ಹೇಳದಿದ್ದರೆ ಸೆನ್ಸರ್ ಇದ್ದೂ ತಿಳಿಯುತ್ತಿರಲಿಲ್ಲ.

ಸಂಶೋಧನಾ ಪೇಪರ್ ಬರೆಯುವ ಮೊದಲೇ ಆರೋಗ್ಯ ಕೇಂದ್ರದಲ್ಲಿ ಕೂತು ಇದನ್ನು ಹೇಳಿದೆವು. ಕೇಂದ್ರದವರು ಬರೆಸಿದ ಚೀಟಿಯಲ್ಲಿ ಗಂಟೆ ಹಾಕಲಿಲ್ಲ. ಯಾವ ಹೊತ್ತಿಗೆ ಹೋದರೂ ಮೈತುಂಬ ಬಟ್ಟೆ, ಪ್ಯಾಂಟಿನ ಮೇಲೆ ಸಾಕ್ಸ್, ಕೈಕಾಲಿಗೆ ಉಣ್ಣೆ ಹತ್ತದಂತೆ ಹಚ್ಚುವ ಡೆಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು, ಹೊರೆಯನ್ನು ಮನೆ ಬಾಗಿಲ ಹತ್ತಿರ ಇಡದಿರುವುದು. "ಎಣ್ಣೆ ಹಚ್ಚಿದ್ರೆ ಅಂಟಂಟು, ಧಗೆ" ಅಂತ ಗೊಣಗುವವರು ಇದ್ದಾರೆ. ಅವರ ಜೊತೆ ವಾದ ಮಾಡದೆ, ಕೈಗೆ ಮತ್ತು ಮೊಣಕಾಲಿನಿಂದ ಕೆಳಗೆ ಆದರೂ ಹಚ್ಚಿ ಅಂತ ಕೇಳಿಕೊಂಡೆವು.

ಎಸ್ಟೇಟ್ ಲೈನ್‌ಗಳ, ಅಂದರೆ ತೋಟದ ಕೂಲಿಗಳು ಇರುವ ಸಾಲು ಮನೆಗಳ, ವಿಷಯ ಹೇಳಲೇಬೇಕು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಅದರ ಮೈಯಿಂದ ಇಳಿದ ಉಣ್ಣೆ ಸುತ್ತಲೇ ಇರುತ್ತದೆ, ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಬೇಕು ಅಂತ ಅವರಿಗೆ ಅವರ ಭಾಷೆಯಲ್ಲೇ ಹೇಳಬೇಕು. ಜ್ವರ ಬಂದರೆ ದಿನದ ಕೂಲಿ ಹೋಗುತ್ತದೆ ಅಂತ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಉಣ್ಣೆ ಕಚ್ಚಿ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ, ಕೆಲವರಿಗೆ ರಕ್ತಸ್ರಾವ. ಇನ್ನು ಕೆಲವರಿಗೆ ವಾಸಿಯಾಯಿತು ಅನ್ನುವಾಗ ಮತ್ತೆ ಮರುಕಳಿಸುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ. ಹಾಗಾಗಿ ಬೇಗ ಆಸ್ಪತ್ರೆಗೆ ಬರುವುದೇ ದೊಡ್ಡ ಆಸರೆ, ಅದಕ್ಕೆ ಪರೀಕ್ಷೆಗೆ ಬಂದ ದಿನದ ಕೂಲಿ ಕಡಿಯಬೇಡಿ ಅಂತ ನಾವು ತೋಟದ ಮಾಲೀಕರನ್ನು ಕೇಳಿದೆವು. ಕೆಲವರು ಒಪ್ಪಿದರು, ಕೆಲವರನ್ನು ಇನ್ನೂ ಕೇಳುತ್ತಿದ್ದೇವೆ.

ಈ ಸಲ ಮಳೆ ನಿಂತ ಮೇಲೆ ಲೈನ್ ಮನೆಗಳ ಹಿಂದಿನ ಸೌದೆ ರಾಶಿ, ದರಗಿನ ರಾಶಿಗಳಲ್ಲೂ ಸೆನ್ಸರ್ ಇಡುತ್ತೇವೆ. ಮನೆಗೆ ತಂದ ಹೊರೆಯಲ್ಲಿ ಒದ್ದೆ ಎಷ್ಟು ದಿನ ಉಳಿಯುತ್ತದೆ, ಬಿಸಿಲಿಗೆ ಹರವಿದರೆ ಎಷ್ಟು ಬೇಗ ಒಣಗುತ್ತದೆ ಅಂತ ನೋಡಬೇಕು. ಈ ಪ್ರಶ್ನೆಯೂ ಆಶಾ ಅಕ್ಕನದೇ.